ಹಳೆಯ ಮೋಟಾರು ಮತ್ತು ಹೊಸ ಬಣ್ಣ

ಮನುಷ್ಯನ ಹವ್ಯಾಸಗಳು ನಾನಾ ಬಗೆ. ಅಂಚೆಚೀಟಿಗಳನ್ನು ಕೂಡಿಡುವವರುಂಟು, ಹಳೆಯ ನಾಣ್ಯಕ್ಕಾಗಿ ಊರೂರು ಅಲೆಯುವವರುಂಟು, ಹಾಡಿಸಲು ಯಂತ್ರವಿಲ್ಲದಿದ್ದರೂ ಗ್ರಾಮಫೋನ್ ತಟ್ಟೆಗಳನ್ನು ದಿನಕ್ಕೊಮ್ಮೆ ಒರೆಸಿಡುವವರುಂಟು. ಇವೆಲ್ಲಕ್ಕಿಂತ ಖರ್ಚಿನ ಹವ್ಯಾಸವೆಂದರೆ ಹಳೆಯ ಕಾರುಗಳದು. ಬೇರೆಯವರ ಸಂಗ್ರಹ ಬೀರುವಿನೊಳಗೆ ಹಿಡಿಯುತ್ತದೆ. ಇವರದಕ್ಕೆ ಕೊಟ್ಟಿಗೆ ಬೇಕು. ಸಾಲದುದಕ್ಕೆ ಆ ಸಂಗ್ರಹ ಪೆಟ್ರೋಲು ಕುಡಿಯುತ್ತದೆ. ಸರ್ಕಾರಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಶ್ರೀಮಂತರ ಷೋಕಿಯನ್ನು ಕುರಿತು ಬರೆಯುವುದೇ ಎಂದು ಮೂಗು ಮುರಿಯುವ ಮಿತ್ರರಿಗೆ ನನ್ನ ಉತ್ತರ ಇಷ್ಟೆ: ಅದು ಶ್ರೀಮಂತರ ಷೋಕಿ ಮಾತ್ರವೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹಳೆಯ ಕಾರನ್ನು ಕೊಳ್ಳುವವನು ಒಬ್ಬ, ಬದುಕಿಸುವವನು ಇನ್ನೊಬ್ಬ. ನನ್ನ ಸೋದರಮಾವನವರದು ಟಿಂಕರಿಂಗ್ ಷೆಡ್ಡು. ರಜೆಯ ದಿನಗಳಲ್ಲಿ ಅಲ್ಲಿ ಕುಳಿತು ಕಂಡದ್ದೂ ಕೇಳಿದ್ದೂ, ಇತಿಹಾಸದ ತರಗತಿಯಲ್ಲಿ ಕಲಿತದ್ದೂ ಒಂದರೊಳಗೊಂದು ಬೆರೆತು ನನ್ನಲ್ಲಿ ಒಂದು ಅಭಿಪ್ರಾಯ ಹುಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರನ್ನು ಉಳಿಸಬೇಕು. ಆದರೆ ಅದನ್ನು ಹೊಸದು ಮಾಡಬಾರದು.

ದನದ ಜಾತ್ರೆಗೆ ಹೋದವರು ಎತ್ತು ಕೊಳ್ಳುವ ಬಗೆಯನ್ನು ನೋಡಿರುತ್ತಾರೆ. ಅನುಭವಸ್ಥ ರೈತ ಕೊಂಬಿಗೆ ಬಳಿದ ಬಣ್ಣವನ್ನಾಗಲಿ ಕೊರಳಿನ ಗೆಜ್ಜೆಯನ್ನಾಗಲಿ ನೋಡುವುದಿಲ್ಲ. ಬಾಯಿ ತೆರೆಸಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಹಳೆಯ ಕಾರಿನ ರಸಿಕರಲ್ಲೂ ಈ ಜಾತಿಯವರಿದ್ದಾರೆ. ಅವರು ಬಂದರೆ ಮಾವನವರಿಗೆ ಸಂತೋಷ. ಅಂಥವರು ಷೆಡ್ಡಿಗೆ ಬಂದವರೇ ಮೊದಲು ನೆಲದ ಮೇಲೆ ಮಲಗುತ್ತಾರೆ. ಕಾರಿನ ತಳ ನೋಡುತ್ತಾರೆ. ಜೇಬಿನಿಂದ ಒಂದು ಅಯಸ್ಕಾಂತವನ್ನು ತೆಗೆದು ಬಾಗಿಲಿನ ಕೆಳಭಾಗಕ್ಕೂ ಚಕ್ರದ ಮೇಲಿನ ಕಮಾನಿಗೂ ತಾಗಿಸಿ ನೋಡುತ್ತಾರೆ. ತಗಡಿದ್ದಲ್ಲಿ ಅದು ಹಿಡಿದುಕೊಳ್ಳುತ್ತದೆ, ಪುಟ್ಟಿ ತುಂಬಿದ್ದಲ್ಲಿ ಜಾರಿ ಬೀಳುತ್ತದೆ. ಮೇಲೆ ತಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಮಾಡಿದವನು ಎಂದೋ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿರಬೇಕೆಂದು ನನಗೆ ತೋರುತ್ತದೆ.

ತುಕ್ಕು ಎಲ್ಲ ಕಾರುಗಳಲ್ಲೂ ಒಂದೇ ತೆರನಲ್ಲ. ನಮ್ಮ ಅಂಬಾಸಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯ ಸಂತಾನ. ೧೯೫೦ರ ದಶಕದ ಕೊನೆಯಿಂದ ೨೦೧೪ರ ಮೇ ತಿಂಗಳವರೆಗೆ ಬಂಗಾಳದ ಉತ್ತರಪಾರಾದಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ತಯಾರಾದ ಈ ಕಾರಿಗೆ ಪ್ರತ್ಯೇಕವಾದ ಚಾಸಿ ಇಲ್ಲ, ಒಡಲೇ ಬೆನ್ನೆಲುಬು. ಬೊಂಬಾಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್ ೧೧೦೦, ಅದೇ ೧೯೭೪ರಿಂದ ಪದ್ಮಿನಿ ಎಂದು ಹೆಸರಾದದ್ದು, ಇದರ ಕಟ್ಟುವಿಕೆಯೂ ಹಾಗೆಯೇ. ಇಂಥ ಕಾರಿನಲ್ಲಿ ಬಾಗಿಲ ಕೆಳಗಿನ ಪಟ್ಟಿಯೂ ತಳದ ತಗಡೂ ಕೊಳೆತವೆಂದರೆ ಅದು ಅಂದಗೇಡಿನ ಪ್ರಶ್ನೆಯಲ್ಲ, ಮನೆಯ ತೊಲೆಗೆ ಗೆದ್ದಲು ಹಿಡಿದ ಹಾಗೆ. ಮದರಾಸಿನಲ್ಲಿ ೧೯೬೧ರಿಂದ ೧೯೭೧ರವರೆಗೆ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾತ್ರ ಬೇರೆ ಕುಲದ್ದು. ಅದರ ಚಾಸಿ ಬೇರೆ, ಒಡಲು ಬೇರೆ; ಒಡಲಿನ ಭಾಗಗಳನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ಮುಂಭಾಗದ ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಎಂಜಿನ್ನಿನ ಪಕ್ಕದಲ್ಲಿ ಚಕ್ರದ ಮೇಲೆಯೇ ಕುಳಿತು ಕೆಲಸ ಮಾಡಬಹುದೆಂದು ಮಾವನವರಿಗೆ ಅದರ ಮೇಲೆ ವಿಶೇಷ ಪ್ರೀತಿ. ಕಾರು ಯಾವ ಊರಿನಲ್ಲಿ ಬಾಳಿತೆಂಬುದೂ ಮುಖ್ಯ. ಕಾರವಾರ, ಮಂಗಳೂರುಗಳ ಉಪ್ಪುಗಾಳಿಯಲ್ಲಿ ಇಪ್ಪತ್ತು ಮಳೆಗಾಲ ಕಳೆದ ಕಾರಿಗೂ ಚಿತ್ರದುರ್ಗದ ಒಣನೆಲದಲ್ಲಿ ನಿಂತಿದ್ದ ಕಾರಿಗೂ ಅಜಗಜಾಂತರ.

ಎಂಜಿನ್ನಿನ ವಿಷಯದಲ್ಲಿ ಹೆದರುವವರೇ ಹೆಚ್ಚು. ನಿಜಕ್ಕೂ ಹೆದರಬೇಕಾದದ್ದು ಅದಕ್ಕಲ್ಲ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಒಳಕ್ಕೆ ನೀರು ಸೇರಿದೆ. ಇವೆಲ್ಲಕ್ಕೂ ಮದ್ದುಂಟು. ಅಂಬಾಸಡರಿನ ೧೪೮೯ ಸಿ.ಸಿ. ಎಂಜಿನ್ನು ಬ್ರಿಟನ್ನಿನ ಹಳೆಯ ಎಂ.ಜಿ. ಕಾರುಗಳ ಎಂಜಿನ್ನಿಗೆ ದಾಯಾದಿ. ಬಿಡಿಭಾಗ ಸಿಗದೆ ಸಾಯುವ ಜಾತಿಯದಲ್ಲ. ಕಾಣದ ತೊಂದರೆ ಬೇರೆ ಇದೆ. ಈ ಕಾರುಗಳನ್ನು ರೂಪಿಸಿದವರು ಸೀಸ ಬೆರೆತ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು; ನಮ್ಮ ದೇಶದಲ್ಲಿ ಅದು ೨೦೦೦ದಲ್ಲಿ ನಿಂತಿತು. ೨೦೨೫ರ ವೇಳೆಗೆ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಸೇರಿತು. ಹಳೆಯ ರಬ್ಬರು ಕೊಳವೆಗಳಿಗೂ ಕಾರ್ಬುರೇಟರಿನ ವಾಷರುಗಳಿಗೂ ಇದು ಒಗ್ಗುವುದಿಲ್ಲ. ಅವನ್ನು ಬದಲಾಯಿಸಿಕೊಳ್ಳಲೇಬೇಕು. ಬ್ರೇಕು, ಟೈರು, ವಿದ್ಯುತ್ ತಂತಿ ಇವೂ ಹೊಸವೇ ಆಗಿರಬೇಕು. ಪ್ರಾಣಕ್ಕೆ ಸಂಬಂಧಪಟ್ಟಲ್ಲಿ ಪುರಾತನದ ವ್ಯಾಮೋಹ ಸಲ್ಲದು. ಹೊಸದು ಮಾಡಬಾರದೆಂದು ನಾನು ಹೇಳುತ್ತಿರುವುದು ಇವುಗಳನ್ನು ಕುರಿತಲ್ಲ.

ಹಾಗಾದರೆ ಯಾವುದನ್ನು ಕುರಿತು? ಒಂದು ಉದಾಹರಣೆಯಿಂದ ಹೇಳುವುದು ಮೇಲು. ಕಳೆದ ವರ್ಷ ಗೃಹಸ್ಥರೊಬ್ಬರು ಮಾವನವರ ಷೆಡ್ಡಿಗೆ ೧೯೬೮ರ ಒಂದು ಫಿಯಟ್ಟನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಕಾರು ಪೂರ್ತಿಯಾಗಿತ್ತು, ತಳ ಗಟ್ಟಿ, ಆರ್.ಸಿ. ಪುಸ್ತಕದಲ್ಲಿದ್ದ ಎಂಜಿನ್ ಸಂಖ್ಯೆಯೂ ಎಂಜಿನ್ನಿನ ಮೇಲಿದ್ದ ಸಂಖ್ಯೆಯೂ ಒಂದೇ. ಇಂಥದು ಸಿಕ್ಕುವುದು ಪೂರ್ವಜನ್ಮದ ಸುಕೃತ. ಗೃಹಸ್ಥರ ಅಪ್ಪಣೆ ಮಾತ್ರ ಹೀಗಿತ್ತು: ಬಣ್ಣವನ್ನೆಲ್ಲ ಬರಿಯ ತಗಡಿನವರೆಗೆ ಕೆರೆದು, ಮಿಂಚುವ ಕೆಂಪು ಹೊಡೆಯಬೇಕು, ಆಸನಕ್ಕೆ ಬಿಳಿಯ ಚರ್ಮ ಬರಬೇಕು, ಚಕ್ರಗಳು ಅಗಲವಾಗಬೇಕು, ಷೋರೂಮಿನಿಂದ ಈಗ ತಾನೆ ಹೊರಬಂದಂತೆ ಕಾಣಬೇಕು. ೧೯೬೮ರಲ್ಲಿ ಷೋರೂಮಿನಿಂದ ಹೊರಬಂದಾಗ ಅದು ಹಾಗೆ ಇರಲಿಲ್ಲವೆಂಬುದು ಅವರಿಗೆ ಅಡ್ಡಿಯಾಗಿ ತೋರಲಿಲ್ಲ.

ಬಣ್ಣ ಕೆರೆಯುವಾಗ ನಾನು ಅಲ್ಲಿದ್ದೆ. ಮೇಲಿನ ನೀಲಿ ಹೋಯಿತು. ಅದರ ಕೆಳಗೆ ಕಪ್ಪು, ಮಾಡಿನ ಮೇಲೆ ಹಳದಿ. ಅಂದರೆ ಕಾರು ಕೆಲವು ಕಾಲ ಬಾಡಿಗೆಗೆ ಓಡಿತ್ತು. ಕಪ್ಪಿನ ಕೆಳಗೆ ಕಾರ್ಖಾನೆಯ ಕೆನೆಬಣ್ಣ. ಮುಂಭಾಗದ ಸಣ್ಣ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಯಾರೋ ಚಾಲಕರು ಬಿಳಿಯ ಪೈಂಟಿನಿಂದ ಸುತ್ತಲಿನ ಊರುಗಳ ಹೆಸರನ್ನೂ ಪ್ರತಿಯೊಂದರ ಮುಂದೆ ಬಾಡಿಗೆಯನ್ನೂ ಬರೆದಿದ್ದರು. ಅಕ್ಷರ ದುಂಡಗೆ, ಕೂಲಿಮಠದಲ್ಲಿ ತಿದ್ದಿದಂತಿತ್ತು. ಪಟ್ಟಿಯ ಕೊನೆಯಲ್ಲಿ ‘ಹೆರಿಗೆ ಆಸ್ಪತ್ರೆ’ ಎಂದಿತ್ತು. ಅದರ ಮುಂದೆ ದರವಿರಲಿಲ್ಲ, ‘ಕೊಟ್ಟಷ್ಟು’ ಎಂದಿತ್ತು. ಮಾವನವರು ಇದನ್ನು ಗೃಹಸ್ಥರಿಗೆ ತೋರಿಸಿ, ಇದೊಂದನ್ನು ಹಾಗೆಯೇ ಬಿಡೋಣವೇ ಎಂದು ಕೇಳಿದರು. ಅಸಹ್ಯವಾಗಿ ಕಾಣುತ್ತದೆ ಎಂಬ ಉತ್ತರ ಬಂತು. ಸಂಜೆಯ ಹೊತ್ತಿಗೆ ಅದರ ಮೇಲೆ ಪ್ರೈಮರ್ ಹರಿದಿತ್ತು. ಊರುಗಳ ಪಟ್ಟಿ ನನ್ನ ನೋಟುಬುಕ್ಕಿನಲ್ಲಿದೆ.

ಈಗ ಹೇಳಿ: ಇದೇ ಕೆಲಸವನ್ನು ಒಂದು ತಾಳೆಗರಿಗೆ ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು? ಶಾಸನದ ಕಲ್ಲು ಪಾಚಿಗಟ್ಟಿದೆಯೆಂದು ಉಳಿ ಹಿಡಿದು ನುಣುಪು ಮಾಡುವವರನ್ನು ಯಾರೂ ಶಾಸನಪ್ರಿಯರೆನ್ನುವುದಿಲ್ಲ. ಮಾಸಿದ ಬಣ್ಣ, ಚಾಲಕನ ಮೊಣಕೈ ತಾಗಿ ಸವೆದ ಕಿಟಕಿಯಂಚು, ಹೊಲಿಗೆ ಹಾಕಿದ ಆಸನ, ಇವು ಆ ಕಾರಿನ ಬಾಳಿನ ದಾಖಲೆ. ಒಮ್ಮೆ ಕೆರೆದರೆ ಮುಗಿಯಿತು. ಯಾವ ಹಣಕ್ಕೂ ಮರಳಿ ಬಾರದು. ಬಣ್ಣವನ್ನು ಯಾವಾಗ ಬೇಕಾದರೂ ಹೊಸದಾಗಿ ಹಚ್ಚಬಹುದು, ಹಳೆಯದಾಗಿ ಹಚ್ಚಲಾಗುವುದಿಲ್ಲ.

ಇದು ನನ್ನೊಬ್ಬನ ಹುಚ್ಚಲ್ಲವೆಂಬುದಕ್ಕೆ ಆಧಾರಗಳಿವೆ. ಹಳೆಯ ವಾಹನಗಳ ಸಂಘಗಳಿಗೆಲ್ಲ ಮಾತೃಸಂಸ್ಥೆಯಂತಿರುವ ಫೀವಾ ಎಂಬ ಅಂತರರಾಷ್ಟ್ರೀಯ ಒಕ್ಕೂಟವೊಂದು ೧೯೬೬ರಿಂದ ಇದೆ. ಅದು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಸಾರ, ಇರುವುದನ್ನು ಕಾಪಾಡುವುದೇ ಮೊದಲು, ಅನಿವಾರ್ಯವಾದಾಗ ಮಾತ್ರ ದುರಸ್ತಿ, ಪುನರ್ನಿರ್ಮಾಣ ಕೊನೆಗೆ ಎಂಬುದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೆಬಲ್ ಬೀಚ್ ಎಂಬಲ್ಲಿ ಪ್ರತಿ ಆಗಸ್ಟಿನಲ್ಲಿ ಕುಬೇರರೆಲ್ಲ ಸೇರಿ ಹಳೆಯ ಕಾರುಗಳ ಸೌಂದರ್ಯಸ್ಪರ್ಧೆ ನಡೆಸುತ್ತಾರೆ. ದಶಕಗಳ ಕಾಲ ಅಲ್ಲಿ ಗೆದ್ದದ್ದೆಲ್ಲ ಕನ್ನಡಿಯಂತೆ ಹೊಳೆಯುವ ಕಾರುಗಳೇ. ೨೦೨೪ರಲ್ಲಿ ಮೊಟ್ಟಮೊದಲ ಬಾರಿಗೆ, ಹೊಸದು ಮಾಡದೆ ಹಾಗೆಯೇ ಉಳಿಸಿಕೊಂಡಿದ್ದ ೧೯೩೪ರ ಬುಗಾಟಿಯೊಂದಕ್ಕೆ ಅಗ್ರಪ್ರಶಸ್ತಿ ಸಂದಿತು. ಬೆಲ್ಜಿಯಂ ದೇಶದ ದೊರೆಯ ಕೈಯಲ್ಲಿದ್ದ ಕಾರದು. ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ಹಣದ ಮದದಿಂದ ಇದ್ದವರಿಗೇ ಬುದ್ಧಿ ಬಂದ ಮೇಲೆ ನಮ್ಮವರು ಅವರು ಬಿಟ್ಟ ಚಟವನ್ನು ಈಗ ಹಿಡಿಯಬೇಕೇ?

ನಮ್ಮ ಸರ್ಕಾರದ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ೨೦೨೧ರ ಜುಲೈಯಲ್ಲಿ ಹೊರಟ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಮಾರ್ಪಾಟು ಆಗದ ಸ್ವಂತ ವಾಹನಕ್ಕೆ ‘ವಿಂಟೇಜ್’ ಎಂಬ ಪದವಿ. ಅದಕ್ಕೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಬೇರೆ ಸಂಖ್ಯೆ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಮೂಲ ರೂಪ ಎಂಬ ಷರತ್ತು ನನಗೆ ಬಹಳ ಹಿಡಿಸಿತು. ಆದರೆ ಆ ಸಂಖ್ಯೆ ಹಾಕಿಸಿಕೊಂಡ ಕಾರನ್ನು ಪ್ರದರ್ಶನ, ಮೆರವಣಿಗೆ, ರಿಪೇರಿ, ಪೆಟ್ರೋಲು ಇಂಥವಕ್ಕಲ್ಲದೆ ಬೀದಿಗಿಳಿಸುವಂತಿಲ್ಲ. ಅಜ್ಜನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಹಬ್ಬಕ್ಕೊಮ್ಮೆ ಹೊರತೆಗೆದ ಹಾಗೆ! ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಸೋಣವೆಂದರೆ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿಗೆ ೬೦೦ ರೂಪಾಯಿ ಇದ್ದದ್ದು ೨೦೨೨ರಲ್ಲಿ ೫,೦೦೦ ಆಯಿತು. ೨೦೨೫ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ೧೦,೦೦೦ ಆಯಿತು. ಬೆಂಗಳೂರಿನ ಸಂಗ್ರಾಹಕರಿಗೆ ಇದು ಒಂದು ಊಟದ ಖರ್ಚಿರಬಹುದು. ಅಪ್ಪನ ಕಾಲದ ಪದ್ಮಿನಿಯನ್ನು ಅಭಿಮಾನದಿಂದ ಇಟ್ಟುಕೊಂಡ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಹಾಗಲ್ಲ. ಅಂಥವರ ಕಾರುಗಳೇ ಮೊದಲು ಗುಜರಿಗೆ ಹೋಗುವುದು.

ಇಲ್ಲಿ ಎದುರಾಳಿಗಳ ಮಾತನ್ನು ಕೇಳದಿರುವುದು ನ್ಯಾಯವಲ್ಲ. ಹಳೆಯ ಕಾರು ಹೊಗೆ ಕಾರುತ್ತದೆ, ಅದನ್ನು ಉಳಿಸುವುದು ಸಮಾಜದ್ರೋಹ ಎನ್ನುತ್ತಾರೆ. ಹೊಗೆಯ ಮಾತು ನಿಜ. ದಿನವೂ ಕಚೇರಿಗೆ ಹೋಗಲು ಅರವತ್ತು ವರ್ಷದ ಕಾರನ್ನು ಉಪಯೋಗಿಸಿರೆಂದು ನಾನು ಹೇಳಲಾರೆ. ತಿಂಗಳಿಗೊಂದೆರಡು ಬಾರಿ ಹೊರಬರುವ ಕಾರಿನಿಂದ ಊರು ಉಸಿರುಗಟ್ಟುವುದಿಲ್ಲ. ಇನ್ನು ಕೆಲವರು, ಅರ್ಧ ಕೊಳೆತು ಬಾಗಿಲೂ ಗಾಜೂ ಇಲ್ಲದ ಕಾರನ್ನು ಹೇಗೆ ಇದ್ದ ಹಾಗೆ ಇಡುವುದೆಂದು ಕೇಳುತ್ತಾರೆ. ಇದ್ದರಲ್ಲವೇ ಇಡುವುದು! ಅಲ್ಲಿ ಹೊಸ ತಗಡು ಬೆಸೆಯಲೇಬೇಕು. ಆ ಕೆಲಸ ಮಾಡಲು ಮಾವನವರು ಸದಾ ಸಿದ್ಧ. ಗಟ್ಟಿಯಾದದ್ದನ್ನು ಕತ್ತರಿಸಿ ಹೊಸದು ಹಾಕುವಾಗ ಮಾತ್ರ ಅವರ ಮುಖ ಸಣ್ಣದಾಗುತ್ತದೆ.

ಕೆಲಸದ ಮಾತು ಬಂದುದರಿಂದ ಕೂಲಿಯ ಮಾತನ್ನೂ ಹೇಳಬೇಕು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುವ ಗಾದೆಗೆ ಹಳೆಯ ಕಾರು ಎಬ್ಬಿಸಿ ನೋಡು ಎಂದು ಇನ್ನೊಂದನ್ನು ಸೇರಿಸಬಹುದು. ಕೊಂಡ ಬೆಲೆ ಬರಿಯ ಮುಂಗಡ. ರಸಿಕರು ಸೇರಿದಲ್ಲಿ ಈ ಲೆಕ್ಕವೇ ಲೆಕ್ಕ: ಇಷ್ಟಕ್ಕೆ ಕೊಂಡೆ, ಇಷ್ಟು ಹಾಕಿದೆ, ಇಷ್ಟಕ್ಕೆ ಹೋಗುತ್ತದೆ. ಆ ‘ಹಾಕಿದೆ’ ಎಂಬುದರಲ್ಲಿ ದುಡ್ಡು ಅವರದು, ಕೈ ಮತ್ತೊಬ್ಬರದು. ತಗಡಿನ ಒಂದು ಗುಳಿಯನ್ನು ಹಿಂದಿನಿಂದ ಕಬ್ಬಿಣದ ಗುಂಡು ಹಿಡಿದು ಮುಂದಿನಿಂದ ಸುತ್ತಿಗೆಯ ಸಣ್ಣ ಪೆಟ್ಟುಗಳಿಂದ ಎಬ್ಬಿಸಲು ಮಾವನವರಿಗೆ ಅರ್ಧ ದಿನ ಬೇಕು. ಪುಟ್ಟಿ ತುಂಬಿದರೆ ಕಾಲು ಗಂಟೆ. ನೋಡಿದವರಿಗೆ ಎರಡೂ ಒಂದೇ. ವಿದೇಶದಿಂದ ತರಿಸಿದ ದೀಪದ ಬಳೆಗೆ ಕೇಳಿದಷ್ಟು ಕೊಡುವವರು ಈ ಅರ್ಧ ದಿನದ ಕೂಲಿಗೆ ಚೌಕಾಸಿ ಮಾಡುತ್ತಾರೆ. ಆದುದರಿಂದಲೇ ಪುಟ್ಟಿಯ ಕೆಲಸ ಬೆಳೆಯಿತು, ಸುತ್ತಿಗೆಯ ಕೆಲಸ ಸೊರಗಿತು. ಮಾವನವರ ಮಗ ಷೆಡ್ಡಿಗೆ ಬರುವುದಿಲ್ಲ; ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನಂತೂ ಬಿ.ಎ.ಗೆ ಸೇರಿದೆ. ನಮ್ಮ ಮನೆತನದಲ್ಲಿ ಡಿಗ್ರಿಯ ಬಾಗಿಲು ತಟ್ಟಿದವನು ನಾನೇ ಮೊದಲಿಗನೆಂದು ಮಾವನವರು ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಾರೆ. ಸುತ್ತಿಗೆಯನ್ನು ನನ್ನ ಕೈಗೆ ಕೊಡುವುದಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಕಾರುಗಳು ಉಳಿದಿರಬಹುದು. ಅವುಗಳ ಬಾಗಿಲನ್ನು ನೆಟ್ಟಗೆ ಕೂರಿಸಬಲ್ಲವರು ಉಳಿದಿರುವರೆಂಬ ನಂಬಿಕೆ ನನಗಿಲ್ಲ. ಇದ್ದ ಹಾಗೆ ಇಡುವ ಪದ್ಧತಿ ಬಂದರೆ ಮಾವನವರಿಗೆ ಕೆಲಸ ಕಡಿಮೆಯಾಗದೇ ಎಂದು ಗೆಳೆಯನೊಬ್ಬ ಕೇಳಿದ. ಇಲ್ಲ. ಕೆರೆದು ಬಳಿಯುವುದಕ್ಕೆ ಸ್ಪ್ರೇ ಗನ್ನು ಸಾಕು. ಹಳೆಯ ಬಣ್ಣ ಕೆಡದಂತೆ ಅದರ ಪಕ್ಕದ ತೂತನ್ನು ಮುಚ್ಚುವುದಕ್ಕೆ ನಲವತ್ತು ವರ್ಷದ ಕೈ ಬೇಕು.

ಯಾವ ಕಾರನ್ನು ಉಳಿಸಬೇಕೆಂಬುದರಲ್ಲೂ ನಮ್ಮ ರಸಿಕರ ತಕ್ಕಡಿ ಒಂದು ಕಡೆಗೆ ವಾಲಿದೆ. ಅರಸರ ರೋಲ್ಸ್ ರಾಯ್ಸುಗಳಿಗೆ ಪೋಷಕರ ಕೊರತೆಯಿಲ್ಲ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರುಗಳ ಸಂಗ್ರಹವನ್ನು ನೋಡದೆ ಬರುವುದಿಲ್ಲ. ಅಂಥ ಕೆಲಸ ನಡೆದಿರುವುದು ನಮ್ಮ ನಾಡಿನ ಪುಣ್ಯ. ಆದರೆ ಬೆಂಗಳೂರಿನಲ್ಲೇ ಹುಟ್ಟಿದ ಕಾರುಗಳನ್ನು ಕೇಳುವವರು ಯಾರು? ೧೯೭೦ರ ದಶಕದಲ್ಲಿ ಅಲ್ಲಿ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರು ತಯಾರಾಯಿತು. ಅದರ ಬೆನ್ನಿಗೆ ೧೯೮೨ರಲ್ಲಿ ಸಿಪಾನಿಯವರ ಡಾಲ್ಫಿನ್ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬುದರ ರೂಪಾಂತರ, ೮೪೮ ಸಿ.ಸಿ. ಎಂಜಿನ್ನು, ಒಡಲು ತಗಡಿನದಲ್ಲ, ಫೈಬರಿನದು. ಹಗುರವಾದ್ದರಿಂದ ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು. ಮರುವರ್ಷವೇ, ೧೯೮೩ರ ಡಿಸೆಂಬರಿನಲ್ಲಿ, ಮಾರುತಿ ೮೦೦ ಬಂದು ಎಲ್ಲರನ್ನೂ ನುಂಗಿತು. ಕರ್ನಾಟಕದ ಕಾರು ಎನ್ನಬಹುದಾದ ಆ ಡಾಲ್ಫಿನ್ನನ್ನು ನಾನು ಕಣ್ಣಾರೆ ಕಂಡಿಲ್ಲ, ಚಿತ್ರದಲ್ಲಿ ನೋಡಿದ್ದೇನೆ. ಬೊಂಬಾಯಿಯ ಬೀದಿಗಳಲ್ಲಿ ಆರು ದಶಕ ಓಡಿದ ಕಪ್ಪು ಹಳದಿ ಫಿಯಟ್ ಟ್ಯಾಕ್ಸಿಗಳ ಕಥೆಯೂ ೨೦೨೩ರ ಅಕ್ಟೋಬರಿನಲ್ಲಿ ಮುಗಿಯಿತು. ಕೊನೆಯದಕ್ಕೆ ಇಪ್ಪತ್ತು ವರ್ಷ ತುಂಬಿ ಪರವಾನಗಿ ತೀರಿತು. ಸಾವಿರಾರಿದ್ದಾಗ ಯಾವುದಕ್ಕೂ ಬೆಲೆ ಕಟ್ಟಲಿಲ್ಲ, ಒಂದೂ ಇಲ್ಲದಾಗ ಅಪರೂಪವೆನ್ನುತ್ತೇವೆ.

ದಿಲ್ಲಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳ ಸ್ಮಾರಕದಲ್ಲಿ ಅವರ ಫಿಯಟ್ ಇದೆ. ೧೨,೦೦೦ ರೂಪಾಯಿಯ ಆ ಕಾರಿಗೆ, ದೇಶದ ಪ್ರಧಾನಿಯಾಗಿದ್ದವರು ಬ್ಯಾಂಕಿನಿಂದ ೫,೦೦೦ ಸಾಲ ತೆಗೆದರು. ೧೯೬೬ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಲಲಿತಾ ಶಾಸ್ತ್ರಿಯವರು ಆ ಸಾಲವನ್ನು ತಮ್ಮ ಪಿಂಚಣಿಯಿಂದ ತೀರಿಸಿದರು. ಅದೇ ವರ್ಷ ಅದೇ ಕಾರ್ಖಾನೆಯಿಂದ ಬಂದ ನೂರಾರು ಫಿಯಟ್ಟುಗಳಿಗೂ ಇದಕ್ಕೂ ತಗಡಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಸಂಗ್ರಾಹಕರ ಲೆಕ್ಕದಲ್ಲಿ ಅದು ಅಪರೂಪದ ಮಾದರಿಯೇ ಅಲ್ಲ. ಬಾಡಿಗೆಯ ಪಟ್ಟಿ ಬರೆದಿದ್ದ ಆ ಕೆನೆಬಣ್ಣದ ಫಿಯಟ್ಟನ್ನೂ ನಾನು ಈ ಸಾಲಿನಲ್ಲೇ ನಿಲ್ಲಿಸುತ್ತೇನೆ. ಪ್ರಧಾನಿಯದಾದರೇನು, ಹೆಸರು ತಿಳಿಯದ ಚಾಲಕನದಾದರೇನು!

ಈ ಲೇಖನಕ್ಕೆ ಒಂದು ಕೆಲಸದ ಉದ್ದೇಶವೂ ಇದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ೨೦೨೩ರ ಏಪ್ರಿಲ್ ೧ರಿಂದ ರದ್ದಾಯಿತು. ಅವನ್ನು ಅಂಗೀಕೃತ ಗುಜರಿ ಕೇಂದ್ರಗಳಿಗೆ ಕಳುಹಿಸಬೇಕೆಂಬುದು ಆಜ್ಞೆ. ಅಂದರೆ ಕಲೆಕ್ಟರುಗಳೂ ಅಮಲ್ದಾರರೂ ಕುಳಿತು ಜಿಲ್ಲೆಯೆಲ್ಲ ತಿರುಗಿದ ಬಿಳಿಯ ಅಂಬಾಸಡರುಗಳು ಒಂದೊಂದಾಗಿ ಹೋಗುತ್ತಿವೆ. ನಮ್ಮ ಊರಿನ ಒಂದು ಕಚೇರಿಯ ಹಿಂದೆ ಹುಣಿಸೆಮರದ ಕೆಳಗೆ ಅಂಥದೊಂದು ನಿಂತಿರುವುದನ್ನು ನೀವೆಲ್ಲರೂ ನೋಡಿದ್ದೀರಿ. ಅದರ ಒಳಗೆ ಒಂದು ನಾಯಿ ಸಂಸಾರ ಹೂಡಿದೆ. ಮಾವನವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ತಳ ಗಟ್ಟಿಯಿದೆ, ಗಾಜೆಲ್ಲ ಇದೆ, ಹಿಂದಿನ ಆಸನದ ಬಿಳಿಯ ಗವಸು ಕೂಡ ಹರಿಯದೆ ಇದೆ ಎಂದರು. ಓಡಿಸುವ ಕಾರಿಗೆ ತಾನೆ ನೋಂದಣಿ ಬೇಕು. ನಿಂತಿರುವ ವಸ್ತುವಿಗೆ ಬೇಕಿಲ್ಲ. ಗುಜರಿಗೆ ಹೋಗುವ ಮೊದಲು ಅದನ್ನು ನಮ್ಮ ಇತಿಹಾಸ ವಿಭಾಗದ ಸುಪರ್ದಿಗೆ ಕೊಡಲು ಅನುಮತಿ ಸಿಕ್ಕುವುದೇ ಎಂದು ಜಿಲ್ಲಾಧಿಕಾರಿಗಳನ್ನು ಕೇಳಬೇಕು. ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಕೊನೆಯಲ್ಲಿ ಮಾಡಿನ ಕೆಳಗೆ ಒಂದು ಕಾರಿಗೆ ಆಗುವಷ್ಟು ಜಾಗವಿದೆ; ಅಳೆದು ನೋಡಿದ್ದೇನೆ.

ಅರ್ಜಿಯ ಕರಡನ್ನು ಬರೆದು ವಿಭಾಗದಲ್ಲಿ ಕೊಟ್ಟಿದ್ದೇನೆ. ನಾನು ಈ ವರ್ಷ ಕಾಲೇಜು ಬಿಡುವವನು. ಎರಡನೆಯ ವರ್ಷದ ಮಿತ್ರರು ಸಹಿ ಹಾಕಿದರೆ ಮುಂದಿನ ವರ್ಷ ಬೆನ್ನುಹತ್ತಲು ಯಾರಾದರೂ ಇರುತ್ತಾರೆ. ತುಕ್ಕು ಹಬ್ಬದಂತೆ ತಳಕ್ಕೆ ಎಣ್ಣೆ ಬಳಿದುಕೊಡಲು ಮಾವನವರು ಕೂಲಿಯಿಲ್ಲದೆ ಒಪ್ಪಿದ್ದಾರೆ. ಬಣ್ಣ ಹಚ್ಚಿಸತಕ್ಕದ್ದಲ್ಲ ಎಂಬ ಒಂದು ಷರತ್ತನ್ನು ಅರ್ಜಿಯ ಕೊನೆಯಲ್ಲಿ ಸೇರಿಸಿದ್ದೇನೆ. ಪ್ರಾಂಶುಪಾಲರು ಅದನ್ನು ದಯವಿಟ್ಟು ಹೊಡೆದುಹಾಕಬಾರದು.